ಗೆಳೆಯನ ಮದುವೆ ಮುಗಿದು ಆರು ವಾರ, ನಾನು ಮಾತ್ರ ಇನ್ನೂ ಸರಿಹೋಗಿಲ್ಲ

ಪ್ರಶ್ನೆ: ಮೇಡಂ, ನನಗೆ 33 ವರ್ಷ. ಅರಸೀಕೆರೆ ಕಡೆಯವನು, ಬೆಂಗಳೂರಿನಲ್ಲಿ ಕೆಲಸ. ಇಂಜಿನಿಯರಿಂಗ್ ಹಾಸ್ಟೆಲ್ಲಿನಲ್ಲಿ ಸಿಕ್ಕ ಗೆಳೆಯನೊಬ್ಬ ಇದ್ದಾನೆ, 15 ವರ್ಷದ ಸ್ನೇಹ. ಅದರಲ್ಲಿ 9 ವರ್ಷ ವಿಜಯನಗರದಲ್ಲಿ ಒಂದೇ ರೂಮಿನಲ್ಲಿದ್ದೆವು. ಮೇ ತಿಂಗಳಲ್ಲಿ ತಿಪಟೂರಿನಲ್ಲಿ ಅವನ ಮದುವೆ ಆಯಿತು. ನಾಲ್ಕು ದಿನ ರಜೆ ಹಾಕಿ ಚಪ್ಪರದಿಂದ ಹಿಡಿದು ನೆಂಟರನ್ನು ಬಸ್ಸು ಹತ್ತಿಸುವವರೆಗೆ ಎಲ್ಲದಕ್ಕೂ ನಿಂತಿದ್ದೆ. ತುಂಬಾ ಖುಷಿಯಲ್ಲೇ ಇದ್ದೆ, ಆರತಕ್ಷತೆಯಲ್ಲಿ ಕುಣಿದೆ ಕೂಡ. ವಾಪಸ್ ಬಂದು ರೂಮಿನ ಬೀಗ ತೆಗೆದೆ, ಶೂ ಕೂಡ ಬಿಚ್ಚದೆ ಹಾಗೇ ಮಂಚದ ಮೇಲೆ ಕೂತುಬಿಟ್ಟೆ. ಅವನ ಹೆಂಡತಿಗೆ ಮೈಸೂರಿನಲ್ಲಿ ಬ್ಯಾಂಕ್ ಕೆಲಸ, ಇವನೂ ಅಲ್ಲಿಗೇ ಹೋದ. ಸಾಮಾನು ಒಯ್ಯುವಾಗ ಒಂದು ತಾಮ್ರದ ಚೊಂಬು ಬಿಟ್ಟುಹೋಗಿದ್ದಾನೆ. ಅದನ್ನು ಎತ್ತಿಡಲೂ ಆಗುತ್ತಿಲ್ಲ, ಕಳಿಸಲೂ ಆಗುತ್ತಿಲ್ಲ. ಈಗ ಬೆಳಗಿನ ಜಾವ ನಾಲ್ಕಕ್ಕೆ ಎಚ್ಚರವಾಗುತ್ತದೆ. ಶನಿವಾರ ಮಾತ್ರ ಕುಡಿಯುತ್ತಿದ್ದವನು ಈಗ ವಾರಕ್ಕೆ ಮೂರ್ನಾಲ್ಕು ದಿನ ಕುಡಿಯುತ್ತೇನೆ. ಅವರಿಬ್ಬರ ಫೋಟೋ ಸ್ಟೇಟಸ್ಸಿನಲ್ಲಿ ಕಂಡರೆ ಸಿಟ್ಟು ಬರುತ್ತದೆ, ಆಮೇಲೆ ನನ್ನ ಮೇಲೇ ನಾಚಿಕೆ. ಅಮ್ಮ ಕಡೂರಿನ ಹುಡುಗಿಯೊಬ್ಬಳ ಫೋಟೋ ಕಳಿಸಿದ್ದಾರೆ, ಸುಮ್ನೆ ಹ್ಞೂ ಅಂದುಬಿಡೋಣ ಅನ್ನಿಸುತ್ತದೆ. ಒಮ್ಮೊಮ್ಮೆ ಕೆಲಸ ಬಿಟ್ಟು ಊರಿಗೆ ಹೋಗಿ ತೆಂಗಿನ ತೋಟ ನೋಡಿಕೊಂಡಿರೋಣ ಅನ್ನಿಸುತ್ತದೆ. ಆಫೀಸಿನಲ್ಲಿ ಒಬ್ಬರು ಮದುವೆ ಆದರೆ ಎಲ್ಲ ಸರಿಹೋಗುತ್ತೆ ಅಂತಾರೆ, ಇನ್ನೊಬ್ಬರು ಇದು ಡಿಪ್ರೆಶನ್, ಮಾತ್ರೆ ತಗೋ ಅಂತಾರೆ. ಇದು ಹೊಟ್ಟೆಕಿಚ್ಚಾ? ಕಾಯಿಲೆಯಾ? ಅವನಿಗೆ ಹೇಳಲಾ ಬೇಡವಾ?

ಉತ್ತರ: ಆಷಾಢ ಬಂತು ಅಂದರೆ ಶಿವಮೊಗ್ಗದ ನನ್ನ ಕ್ಲಿನಿಕ್ಕಿಗೆ ಇಂಥವರು ಒಂದಿಬ್ಬರಾದರೂ ಬರುತ್ತಾರೆ. ವೈಶಾಖ, ಜ್ಯೇಷ್ಠದಲ್ಲಿ ಸಾಲು ಸಾಲು ಮದುವೆ. ಅದೆಲ್ಲ ಮುಗಿದು, ಮಳೆ ಹಿಡಿದು, ಆಲ್ಬಮ್ ಕೈಗೆ ಬರುವ ಹೊತ್ತಿಗೆ ಮದುವೆಗೆ ಓಡಾಡಿ ಬಂದವರು ನನ್ನೆದುರು ಕೂತಿರುತ್ತಾರೆ. ಮೊದಲ ಅರ್ಧ ಗಂಟೆ ಗ್ಯಾಸ್ಟ್ರಿಕ್, ತಲೆನೋವು, ಆಫೀಸಿನ ಬಾಸು ಅಂತ ಹೇಳುತ್ತಾರೆ. ಗೆಳೆಯನ ಮದುವೆಯ ಮಾತು ಬರುವುದು ಎದ್ದು ಚಪ್ಪಲಿ ಹಾಕಿಕೊಳ್ಳುವಾಗ, ಅದೂ ನಗುತ್ತಾ. ನೀವು ಅದನ್ನೇ ಮೊದಲು ಬರೆದಿದ್ದೀರಿ, ನನಗೆ ಸುಲಭವಾಯಿತು.

ನಿಮ್ಮ ಭಯ ನನಗೆ ಅರ್ಥವಾದದ್ದು ಹೀಗೆ. ಇಷ್ಟು ಬೇಕಾದವನಿಗೆ ಒಳ್ಳೆಯದಾದಾಗ ಬೇಜಾರು ಪಡುವ ನಾನು ಸಣ್ಣ ಮನುಷ್ಯನಾ? ಅಲ್ಲದಿದ್ದರೆ ನನ್ನ ತಲೆಯಲ್ಲೇ ಏನೋ ಕೆಟ್ಟಿದೆಯಾ? ಅದೂ ಅಲ್ಲದಿದ್ದರೆ ನನ್ನ ಬದುಕು ಎಲ್ಲೋ ನಿಂತುಹೋಗಿದೆಯಾ, ತಕ್ಷಣ ಏನಾದರೂ ಮಾಡಲೇಬೇಕಾ? ಈ ಮೂರೂ ಸೇರಿ ಗಂಟಾಗಿವೆ. ಒಂದೊಂದಾಗಿ ಬಿಡಿಸೋಣ.

ಹೊಟ್ಟೆಕಿಚ್ಚು ಇಲ್ಲವೇ ಇಲ್ಲ ಅಂತ ಸಮಾಧಾನ ಹೇಳಲಾರೆ. ಸ್ವಲ್ಪ ಇರುತ್ತದೆ, ಇರಲಿ ಬಿಡಿ. ಲಿಯಾನ್ ಫೆಸ್ಟಿಂಜರ್ ಅನ್ನುವ ಮನೋವಿಜ್ಞಾನಿ 1954ರಲ್ಲೇ ಹೇಳಿದ ಮಾತೊಂದಿದೆ: ನಾವು ಎಲ್ಲಿದ್ದೇವೆ ಅಂತ ಅಳೆದುಕೊಳ್ಳಲು ಬೇರೆ ಅಳತೆಗೋಲು ಸಿಗದಿದ್ದಾಗ ಇನ್ನೊಬ್ಬರನ್ನೇ ಗೋಲು ಮಾಡಿಕೊಳ್ಳುತ್ತೇವೆ, ಅದೂ ನಮ್ಮ ಹಾಗೇ ಇರುವವರನ್ನು. ದೊಡ್ಡ ಶ್ರೀಮಂತರ ಮನೆಯ ಮದುವೆಯನ್ನು ಟೀವಿಯಲ್ಲಿ ನೋಡಿ ನಿಮಗೆ ನಿದ್ದೆ ಕೆಡಲಿಲ್ಲ. ಒಂದೇ ಹಾಸ್ಟೆಲ್ಲು, ಒಂದೇ ಸಂಬಳದಲ್ಲಿ ಶುರು, ಒಂದೇ ಓನರ್ ಹತ್ತಿರ ನೀರಿಗೆ ಜಗಳ ಆಡಿದವನು ಒಂದು ಮೆಟ್ಟಿಲು ಹತ್ತಿದಾಗ ಮಾತ್ರ ನಮ್ಮ ಮೆಟ್ಟಿಲು ಕಾಣುತ್ತದೆ. ಅದರಲ್ಲಿ ಕೆಟ್ಟತನ ಏನಿದೆ ಹೇಳಿ?

ಇಂಥವರು ಬಂದರೆ ನಾನು ಎರಡು ಪ್ರಶ್ನೆ ಕೇಳುತ್ತೇನೆ. ಮೊದಲನೆಯದು, ಅವನ ಮದುವೆ ಮುರಿದುಬಿದ್ದರೆ ನಿಮಗೆ ಹಾಯೆನಿಸುತ್ತದಾ? ಹೆಚ್ಚಿನವರು ಬೆಚ್ಚಿಬಿದ್ದು "ಅಯ್ಯೋ, ಬಿಡ್ತು ಅನ್ನಿ ಮೇಡಂ" ಅನ್ನುತ್ತಾರೆ. ಎರಡನೆಯದು, ಅವನು ಇದೇ ಹುಡುಗಿಯನ್ನೇ ಮದುವೆಯಾಗಿ ನಿಮ್ಮ ಪಕ್ಕದ ಬೀದಿಯಲ್ಲೇ ಮನೆ ಮಾಡಿದ್ದರೆ, ಭಾನುವಾರ ಬೆಳಿಗ್ಗೆ ಇಬ್ಬರೂ ದೋಸೆಗೆ ಹೋಗುವುದು ಹಾಗೇ ನಡೆದಿದ್ದರೆ ಇಷ್ಟು ಬೇಜಾರು ಇರುತ್ತಿತ್ತಾ? ಇಲ್ಲಿ ಜನ ಸ್ವಲ್ಪ ಹೊತ್ತು ಸುಮ್ಮನಾಗುತ್ತಾರೆ. ನೀವೂ ಸುಮ್ಮನಾಗುತ್ತೀರಿ ಅಂತ ನನ್ನ ಊಹೆ. ಯಾಕಂದರೆ ಇಡೀ ಪತ್ರದಲ್ಲಿ ನನಗೂ ಹೆಂಡತಿ ಬೇಕಿತ್ತು ಅಂತ ನೀವು ಒಂದು ಕಡೆಯೂ ಬರೆದಿಲ್ಲ. ಬರೆದದ್ದು ಬೀಗ, ಮಂಚ, ಚೊಂಬಿನ ವಿಷಯ. ಅವನಿಗೆ ಸಿಕ್ಕಿದ್ದು ನಿಮಗೆ ಸಿಗಲಿಲ್ಲ ಅನ್ನುವುದಕ್ಕಿಂತ ನಿಮ್ಮ ಹತ್ತಿರ ಇದ್ದದ್ದು ಹೋಯಿತು ಅನ್ನುವುದೇ ನಿಮ್ಮನ್ನು ಜಾಸ್ತಿ ಕಾಡುತ್ತಿದೆ.

ನಮ್ಮ ಮದುವೆಗಳನ್ನು ಒಮ್ಮೆ ಗಮನಿಸಿ ನೋಡಿ. ಬಿಟ್ಟುಕೊಡುವ ಎಲ್ಲರಿಗೂ ಒಂದೊಂದು ಶಾಸ್ತ್ರ ಇದೆ. ಧಾರೆ ಎರೆಯಲು ಅಪ್ಪ ಅಮ್ಮ, ಕರೆದು ತರಲು ಸೋದರಮಾವ. ಹುಡುಗಿಯನ್ನು ಒಪ್ಪಿಸಿಕೊಡುವಾಗ ಅಳುವುದಕ್ಕೆ ಹಾಡೇ ಇದೆ. ಆಗ ಅಳದಿದ್ದರೆ ಜನ ಆಡಿಕೊಳ್ಳುತ್ತಾರೆ. ಗೆಳೆಯನಿಗೆ ಏನಿದೆ? ಕಾಯಿಮೂಟೆ ಇಳಿಸುವುದು, ಅಜ್ಜಿಯನ್ನು ಬಸ್‌ಸ್ಟ್ಯಾಂಡಿನಿಂದ ಕರೆತರುವುದು, ಮದುಮಗನ ಮೊಬೈಲು ಜೇಬಿನಲ್ಲಿ ಇಟ್ಟುಕೊಂಡು ಓಡಾಡುವುದು. ಕೊನೆಗೆ ಚೌಟ್ರಿಯ ಬೀಗದ ಕೈ ಕೊಟ್ಟು, ಒಂದು ತಾಂಬೂಲದ ಚೀಲ ಹಿಡಿದು ಬಸ್ಸು ಹತ್ತಬೇಕು. ನೀವೂ 9 ವರ್ಷ ಜೊತೆಗಿದ್ದವನನ್ನು ಆ ದಿನ ಒಪ್ಪಿಸಿಕೊಟ್ಟು ಬಂದಿರಿ, ನಿಮಗೆ ಯಾವ ಪುರೋಹಿತರೂ ಮಂತ್ರ ಹೇಳಲಿಲ್ಲ ಅಷ್ಟೇ.

ನನ್ನದೂ ಒಂದು ಹೇಳಿಬಿಡುತ್ತೇನೆ. ನನ್ನ ಜೀವದ ಗೆಳತಿಯ ಮದುವೆ ಮಂಡ್ಯದಲ್ಲಿ ಆಯಿತು. ಧಾರೆ ಮುಗಿದು ಊಟಕ್ಕೆ ಹೊರಟಾಗ ಅವಳ ಚಪ್ಪಲಿ ಕಾಣಲಿಲ್ಲ. ಅವಳ ಗಂಡ ಆ ಜರತಾರಿ ಪಂಚೆ ಎತ್ತಿಕಟ್ಟಿಕೊಂಡು ಹೋಗಿ ಹುಡುಕಿ ತಂದುಕೊಟ್ಟ. ಪಾಪ, ಒಳ್ಳೆಯ ಮನುಷ್ಯ. ನನಗೆ ಮಾತ್ರ ಮೈಯೆಲ್ಲ ಉರಿಯಿತು, ಅವಳ ಚಪ್ಪಲಿ ಹುಡುಕುವುದು ನನ್ನ ಕೆಲಸ ಅಲ್ವಾ ಅಂತ! ಎಷ್ಟೋ ವರ್ಷ ಆದಮೇಲೆ ಅವಳಿಗೇ ಹೇಳಿಕೊಂಡು ನಕ್ಕೆವು. ಆ ದಿನ ನಗು ಬಂದಿರಲಿಲ್ಲ.

ಇದಕ್ಕೆ ನಮ್ಮ ಶಾಸ್ತ್ರದಲ್ಲಿ ಹೆಸರಿದೆ, ಮನೋವಿಜ್ಞಾನ ಶಾಸ್ತ್ರದಲ್ಲಿ ಅಂತ ನಾನು ಹೇಳುತ್ತಿರುವುದು. ಕೆನೆತ್ ಡೋಕಾ ಅನ್ನುವವರು 1989ರಲ್ಲಿ ಇದರ ಬಗ್ಗೆ ಪುಸ್ತಕವನ್ನೇ ತಂದರು. ಇಂಗ್ಲಿಷಿನಲ್ಲಿ ಡಿಸ್‌ಎನ್‌ಫ್ರಾಂಚೈಸ್ಡ್ ಗ್ರೀಫ್ ಅನ್ನುತ್ತಾರೆ, ಸಮಾಜ ಲೆಕ್ಕಕ್ಕೆ ತೆಗೆದುಕೊಳ್ಳದ ದುಃಖ ಅಂತ ಅದರ ಅರ್ಥ. ಯಾರಾದರೂ ತೀರಿಕೊಂಡರೆ ಸೂತಕ ಇದೆ, ರಜೆ ಇದೆ, ಮಾತಾಡಿಸಲು ಜನ ಬರುತ್ತಾರೆ. ರೂಮ್‌ಮೇಟ್ ಮದುವೆಯಾಗಿ ಹೋದ ಅಂತ ಬೇಜಾರಾಗಿದೆ ಅಂದರೆ ಜನ ನಗುತ್ತಾರೆ, ಗಂಡಸರಾದರೆ ಇನ್ನೂ ಜಾಸ್ತಿ ನಗುತ್ತಾರೆ. ಹೇಳಿಕೊಳ್ಳಲು ಜಾಗ ಸಿಗದ ದುಃಖ ಬೇರೆ ವೇಷ ಹಾಕುತ್ತದೆ. ಸ್ಟೇಟಸ್ ನೋಡಿದಾಗ ಸಿಟ್ಟಾಗುತ್ತದೆ, ರಾತ್ರಿ ಬಾಟಲಿ ಆಗುತ್ತದೆ, ಬೆಳಿಗ್ಗೆ ಕೆಲಸ ಬಿಟ್ಟುಬಿಡೋಣ ಅನ್ನುವ ಯೋಚನೆಯಾಗುತ್ತದೆ.

ಅವನು ನಿಮ್ಮನ್ನು ಮರೆತ ಅಂತ ನೀವು ನೇರವಾಗಿ ಬರೆದಿಲ್ಲ, ಆದರೂ ಅಕ್ಷರದ ಹಿಂದೆ ಅದು ಕೇಳಿಸುತ್ತದೆ. ಮನುಷ್ಯರ ಸ್ನೇಹವನ್ನು ಬಹಳ ವರ್ಷ ಲೆಕ್ಕ ಹಾಕಿದ ರಾಬಿನ್ ಡನ್ಬಾರ್ ಅನ್ನುವ ಬ್ರಿಟಿಷ್ ವಿಜ್ಞಾನಿ ಒಬ್ಬರಿದ್ದಾರೆ. ಅವರ ಪ್ರಕಾರ ಕಷ್ಟ ಬಂದರೆ ಓಡಿಹೋಗಿ ಹೇಳಿಕೊಳ್ಳುವಷ್ಟು ಹತ್ತಿರದವರು ಸಾಮಾನ್ಯವಾಗಿ 5 ಜನ, ಅದರ ಆಚೆ ಸುತ್ತಿನಲ್ಲಿ 15. ಒಬ್ಬರ ಜೊತೆ ಹೊಸದಾಗಿ ಪ್ರೀತಿಯ ಸಂಬಂಧ ಶುರುವಾದರೆ ಆ ಒಳಗಿನ ಸುತ್ತಿನಿಂದ ಸುಮಾರು ಇಬ್ಬರು ಹೊರಗೆ ಸರಿಯುತ್ತಾರೆ ಅಂತಲೂ ಅವರು 2010ರಲ್ಲಿ ಹೇಳಿದರು. ಯಾರೂ ಬೇಕಂತ ತಳ್ಳುವುದಿಲ್ಲ. ದಿನಕ್ಕೆ ಇರುವುದು 24 ಗಂಟೆ, ಹೊಸ ಮನುಷ್ಯರು ಬಂದರೆ ಆ ಗಂಟೆಗಳು ಎಲ್ಲಿಂದಲೋ ಬರಬೇಕು. ನಿಮ್ಮ ಗೆಳೆಯನಿಗೆ ಈಗ ಹೊಸ ಊರು, ಹೊಸ ಮನೆ, ಗ್ಯಾಸ್ ಕನೆಕ್ಷನ್ನು, ಅತ್ತೆ ಮಾವ, ಪ್ರತಿ ಭಾನುವಾರ ಯಾರದೋ ಮನೆಯಲ್ಲಿ ಹೊಸ ಜೋಡಿಗೆ ಊಟ. ಅವನಿಗೂ ರಾತ್ರಿ ಹತ್ತಕ್ಕೆ ನಿಮ್ಮ ನೆನಪಾಗುತ್ತಿರಬಹುದು, ಸ್ಟೇಟಸ್ಸಿನಲ್ಲಿ ಅದನ್ನು ಹಾಕುವ ಪದ್ಧತಿ ಇಲ್ಲವಲ್ಲ.

ಈಗ ಆಫೀಸಿನ ಇಬ್ಬರು ಸಲಹೆಗಾರರ ವಿಷಯಕ್ಕೆ ಬರೋಣ.

ಮದುವೆ ಆದರೆ ಎಲ್ಲ ಸರಿಹೋಗುತ್ತದೆ ಅನ್ನುವವರನ್ನು ನಾನು ದಿನಾ ನೋಡುತ್ತೇನೆ, ಅವರಲ್ಲಿ ಹೆಚ್ಚಿನವರು ಮದುವೆಯಾದವರೇ ಅನ್ನುವುದು ತಮಾಷೆ. ಜರ್ಮನಿಯಲ್ಲಿ 24 ಸಾವಿರಕ್ಕೂ ಹೆಚ್ಚು ಜನರನ್ನು 15 ವರ್ಷ ಪ್ರತಿ ವರ್ಷ ಕೇಳುತ್ತಾ ಬಂದ ಮಾಹಿತಿಯನ್ನು ರಿಚರ್ಡ್ ಲೂಕಸ್ ಮತ್ತು ಜೊತೆಗಾರರು 2003ರಲ್ಲಿ ವಿಶ್ಲೇಷಿಸಿದರು. ಮದುವೆಯ ಆಸುಪಾಸಿನಲ್ಲಿ ಸಂತೋಷ ಸ್ವಲ್ಪ ಏರುತ್ತದೆ, ಕೆಲವು ವರ್ಷಗಳಲ್ಲಿ ಸರಾಸರಿ ಲೆಕ್ಕಕ್ಕೆ ಮೊದಲಿದ್ದ ಮಟ್ಟಕ್ಕೇ ಬಂದು ನಿಲ್ಲುತ್ತದೆ. ಸರಾಸರಿ ಅಂದೆ, ಒಬ್ಬೊಬ್ಬರದು ಒಂದೊಂದು ಥರ. ಕೆಲವರಿಗೆ ಏರಿದ್ದು ಏರಿದ ಹಾಗೇ ಉಳಿಯಿತು, ಕೆಲವರಿಗೆ ಮೊದಲಿಗಿಂತ ಕೆಳಗೆ ಇಳಿಯಿತು. ಜರ್ಮನಿಯ ಲೆಕ್ಕ ತಿಪಟೂರಿಗೆ ಹಾಗೇ ಹೊಂದುತ್ತದೆ ಅಂತ ನಾನು ಹೇಳುತ್ತಿಲ್ಲ. ಆದರೆ ಇಲ್ಲಿ ನಾನು ನೋಡಿದ್ದೂ ಹೆಚ್ಚೂಕಡಿಮೆ ಅದೇ. ಮದುವೆಗೆ ಮೊದಲು ನೆಮ್ಮದಿಯಾಗಿದ್ದವರು ಆಮೇಲೂ ಹೆಚ್ಚಾಗಿ ನೆಮ್ಮದಿಯಾಗಿದ್ದಾರೆ. ಒಳಗೆ ಏನೋ ಕೊರೆಯುತ್ತಿದ್ದವರು ಮಂಟಪದಿಂದ ಇಳಿದಮೇಲೂ ಅದನ್ನು ಜೊತೆಗೇ ಕರೆದುಕೊಂಡು ಹೋಗಿದ್ದಾರೆ.

ಇನ್ನು ಡಿಪ್ರೆಶನ್. ಇಲ್ಲಿ ನಾನು ತಮಾಷೆ ಮಾಡುವುದಿಲ್ಲ. ಬೇಜಾರು ಅಲೆಯ ಹಾಗೆ ಬಂದು ಹೋಗುತ್ತದೆ. ಚೊಂಬು ಕಂಡಾಗ ಬರುತ್ತದೆ, ಯಾರೋ ಒಳ್ಳೆಯ ಜೋಕ್ ಹೇಳಿದಾಗ ಸರಿಯುತ್ತದೆ, ಊಟ ರುಚಿಸುತ್ತದೆ, ಕ್ರಿಕೆಟ್ ನೋಡುವ ಮನಸ್ಸಾಗುತ್ತದೆ. ಖಿನ್ನತೆ ಹಾಗಲ್ಲ. ಕನಿಷ್ಠ ಎರಡು ವಾರ, ಹೆಚ್ಚೂಕಡಿಮೆ ಪ್ರತಿದಿನ, ದಿನದ ಬಹುಪಾಲು ಹೊತ್ತು ಮನಸ್ಸು ಕುಸಿದೇ ಇರುತ್ತದೆ. ಇಲ್ಲವೇ ಮೊದಲು ಇಷ್ಟವಿದ್ದ ಯಾವುದರಲ್ಲೂ ಆಸಕ್ತಿ ಉಳಿದಿರುವುದಿಲ್ಲ. ಅದರ ಜೊತೆಗೆ ನಿದ್ದೆ, ಹಸಿವು, ಗಮನ ಕೆಡುತ್ತದೆ, ಸುಸ್ತು, ನಾನು ಯಾವುದಕ್ಕೂ ಬಾರದವನು ಅನ್ನುವ ಭಾವನೆ, ಸಾಯುವ ಯೋಚನೆ ಬರಬಹುದು. ನಿಮ್ಮ ಪತ್ರದಲ್ಲಿ ಸಿಟ್ಟಿದೆ, ನಾಚಿಕೆಯಿದೆ, ಊರಿನ ಆಸೆಯಿದೆ. ಅಂದರೆ ಮನಸ್ಸು ಇನ್ನೂ ಆಡುತ್ತಿದೆ. ಆದರೆ ಆರು ವಾರ ಆಗಿದೆ, ನಾಲ್ಕು ಗಂಟೆಯ ಎಚ್ಚರ ಇದೆ. ಪತ್ರ ನೋಡಿ ಕಾಯಿಲೆ ಇಲ್ಲ ಅಂತ ಸೀಲು ಒತ್ತುವುದು ತಪ್ಪಾಗುತ್ತದೆ.

ಬೆಳಗಿನ ಜಾವದ ಎಚ್ಚರ ಖಿನ್ನತೆಯ ಲಕ್ಷಣ ಹೌದು. ಅದು ಕುಡಿತದ ಲಕ್ಷಣವೂ ಹೌದು. ಮದ್ಯ ನಿದ್ದೆಗೆ ಬೇಗ ಜಾರಿಸುತ್ತದೆ, ಆದರೆ ದೇಹದಿಂದ ಇಳಿದುಹೋಗುವ ಹೊತ್ತಿಗೆ, ಅಂದರೆ ರಾತ್ರಿಯ ಎರಡನೇ ಅರ್ಧದಲ್ಲಿ, ನಿದ್ದೆಯನ್ನು ಚೂರುಚೂರು ಮಾಡುತ್ತದೆ. ಹತ್ತೂವರೆಗೆ ಕುಡಿದು ಮಲಗಿದವರಿಗೆ ಮೂರು, ನಾಲ್ಕಕ್ಕೆ ಬಾಯಿ ಒಣಗಿ, ಎದೆ ಹೊಡೆದುಕೊಂಡು ಎಚ್ಚರವಾಗುವುದು ನನಗೆ ಹೊಸದಲ್ಲ. ಆ ಹೊತ್ತಿನಲ್ಲಿ ಜೀವನದ ಬಗ್ಗೆ ಬರುವ ಯಾವ ತೀರ್ಮಾನವನ್ನೂ ನಂಬಬೇಡಿ. ಆದ್ದರಿಂದ ಮೊದಲು ಎರಡು ವಾರ ಪೂರ್ತಿ ಕುಡಿತ ನಿಲ್ಲಿಸಿ ನೋಡಿ. ನಿದ್ದೆ ತಿರುಗಿ ಬಂದರೆ ನಿಮಗೇ ಉತ್ತರ ಸಿಕ್ಕಿತು. ಬಾರದಿದ್ದರೆ, ಅಥವಾ ಕುಡಿತ ಬಿಡುವುದೇ ಕಷ್ಟವಾದರೆ, ಮನೋವೈದ್ಯರನ್ನು ಕಾಣಿ. ವಾರಕ್ಕೆ ಮೂರ್ನಾಲ್ಕು ದಿನ ಅಂದಿದ್ದೀರಿ. ದಿನಾ ಜಾಸ್ತಿ ಕುಡಿಯುವವರು ಮಾತ್ರ ಹೀಗೆ ಒಮ್ಮೆಲೇ ನಿಲ್ಲಿಸಬಾರದು, ಕೈ ನಡುಕ, ಫಿಟ್ಸ್ ಬರುವ ಅಪಾಯ ಇದೆ, ಅಂಥವರು ವೈದ್ಯರನ್ನು ಕೇಳಿಯೇ ನಿಲ್ಲಿಸಬೇಕು. ಇದನ್ನು ಓದುತ್ತಿರುವ ಬೇರೆಯವರಿಗಾಗಿಯೂ ಹೇಳಿದೆ.

ವೈದ್ಯರು ಖಿನ್ನತೆ ಇದೆಯಾ ಅಂತ ನೋಡಲು ಪಿಎಚ್‌ಕ್ಯೂ-9 ಅನ್ನುವ 9 ಪ್ರಶ್ನೆಗಳ ಪಟ್ಟಿ ಕೊಡಬಹುದು. ಐದು ನಿಮಿಷದ ಕೆಲಸ. 10 ಅಥವಾ ಅದಕ್ಕಿಂತ ಹೆಚ್ಚು ಅಂಕ ಬಂದರೆ ಇನ್ನಷ್ಟು ವಿವರವಾಗಿ ನೋಡುತ್ತಾರೆ, ಅಂಕ ಬಂದ ಕೂಡಲೇ ಮಾತ್ರೆ ಬರೆದುಬಿಡುವುದಿಲ್ಲ. ಮಾತ್ರೆ ಬೇಕಾದವರಿಗೆ ಅದು ನಿಜವಾಗಿ ಕೆಲಸ ಮಾಡುತ್ತದೆ, ಆದರೆ ಸಹೋದ್ಯೋಗಿ ಹೇಳಿದ ಅಂತ ಮೆಡಿಕಲ್ ಶಾಪಿನಿಂದ ತಂದು ನುಂಗುವ ವಸ್ತು ಅದಲ್ಲ. ಸಾಯುವ ಯೋಚನೆ ಸುಮ್ನೆ ಹಾದುಹೋದರೂ ಎರಡು ವಾರ ಕಾಯಬೇಡಿ. 14416ಕ್ಕೆ ಕರೆ ಮಾಡಿ. ಅದು 2022ರಲ್ಲಿ ಶುರುವಾದ ಟೆಲಿ ಮಾನಸ್ ಅನ್ನುವ ಮಾನಸಿಕ ಆರೋಗ್ಯ ಸಹಾಯವಾಣಿ, ಸರ್ಕಾರದ್ದು, ಉಚಿತ, ಹಗಲೂ ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಬೆಂಗಳೂರಿನಲ್ಲಿದ್ದೀರಿ, ನಿಮ್ಹಾನ್ಸ್ ಕೂಡ ನಿಮ್ಮ ಊರಲ್ಲೇ ಇದೆ.

ಕಡೂರಿನ ಹುಡುಗಿ. ಇದರ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಯಾಕಂದರೆ ಇಲ್ಲಿ ನಿಮ್ಮೊಬ್ಬರ ಬದುಕಿನ ಮಾತಿಲ್ಲ. ಕೆಲವು ವರ್ಷದ ಹಿಂದೆ ನನ್ನ ಹತ್ತಿರ ಒಬ್ಬರು ಲೆಕ್ಚರರ್ ಬಂದಿದ್ದರು. ಜೊತೆಗಾರನ ಮದುವೆಯಾದ ಎರಡು ತಿಂಗಳಲ್ಲಿ ಮನೆಯವರು ತೋರಿಸಿದ ಮೊದಲ ಹುಡುಗಿಗೇ ಒಪ್ಪಿಕೊಂಡಿದ್ದರು. ಹುಡುಗಿ ಒಳ್ಳೆಯವಳು, ಇವರೂ ಒಳ್ಳೆಯವರೇ. ಆದರೆ ಸಂಜೆ ಕೂತು ಟೀವಿ ನೋಡಲು, ಒಟ್ಟಿಗೆ ಊಟ ಮಾಡಲು, ಹಳೆಯ ಜೋಕುಗಳಿಗೆ ನಗಲು ಇವರಿಗೆ ಜನ ಬೇಕಿತ್ತು ಅಷ್ಟೇ. ವರ್ಷ ತುಂಬುವ ಹೊತ್ತಿಗೆ ಅವರ ಹೆಂಡತಿ ಕೇಳಿದರಂತೆ, "ನಿಮಗೆ ಬೇಕಿದ್ದದ್ದು ಹೆಂಡತಿಯಾ ರೂಮ್‌ಮೇಟಾ?" ಅಂತ. ಅವರಿಬ್ಬರೂ ಈಗ ಚೆನ್ನಾಗಿದ್ದಾರೆ. ಅಲ್ಲಿಗೆ ಬರಲು ಮೂರು ವರ್ಷ ಹಿಡಿಯಿತು, ಅದರ ಬೆಲೆಯಲ್ಲಿ ಜಾಸ್ತಿ ಪಾಲು ಆ ಹೆಣ್ಣುಮಗಳೇ ತೆತ್ತಳು.

ಅದಕ್ಕೆ ಹುಡುಗಿ ನೋಡಲೇಬೇಡಿ ಅಂತೇನೂ ನಾನು ಹೇಳುವುದಿಲ್ಲ. ಅಮ್ಮನಿಗೆ "ಆಷಾಢ ಕಳೀಲಿ ಅಮ್ಮಾ" ಅನ್ನಿ. ಇದಕ್ಕಿಂತ ಒಳ್ಳೆಯ ನೆಪ ನಮ್ಮಲ್ಲಿ ಯಾರಿಗೂ ಸಿಗಲಾರದು, ಅಮ್ಮನೂ ಎದುರಾಡುವುದಿಲ್ಲ. ಶ್ರಾವಣ ಬರುವಷ್ಟರಲ್ಲಿ ನಿದ್ದೆ ಸರಿಹೋಗಿ, ಕುಡಿತ ಇಳಿದು, ಆಗಲೂ ಆ ಹುಡುಗಿಯ ಜೊತೆ ಮಾತಾಡಬೇಕು ಅನ್ನಿಸಿದರೆ ಕಡೂರಿಗೆ ಹೋಗಿ ಕಾಫಿ ಕುಡಿದು ಬನ್ನಿ. ಹೋದಮೇಲೆ ಆಕೆಯನ್ನೂ ಏನು ಬೇಕು ಅಂತ ಕೇಳಿ. ಈ ಕಾಯುವುದರಲ್ಲೂ ಅಪಾಯ ಇದೆ. ಅಷ್ಟರೊಳಗೆ ಆ ಸಂಬಂಧ ಬೇರೆ ಕಡೆ ಗೊತ್ತಾಗಬಹುದು. ಇನ್ನೊಂದು, ಮನಸ್ಸು ಪೂರ್ತಿ ತಿಳಿಯಾಗಲಿ ಅಂತ ವರ್ಷಗಟ್ಟಲೆ ಕಾಯುತ್ತಾ ಕೂತವರನ್ನೂ ನೋಡಿದ್ದೇನೆ, ಅಷ್ಟು ತಿಳಿಯಾದ ಮನಸ್ಸು ಯಾರಿಗೂ ಇರುವುದಿಲ್ಲ. ಅದಕ್ಕೇ ಶ್ರಾವಣ ಅಂತ ಗಡುವು ಹಾಕಿದೆ. ನಿಮಗೆ ಮದುವೆಯೇ ಬೇಡ ಅನ್ನಿಸಿದರೆ ಅದನ್ನೂ ಆಗಲೇ ಅಮ್ಮನಿಗೆ ಹೇಳಿ. ಹೆಣ್ಣಿನ ಕಡೆಯವರನ್ನು ಸುಮ್ನೆ ಕಾಯಿಸುವುದು ಸರಿಯಲ್ಲ.

ಕೆಲಸ ಬಿಡುವ ವಿಷಯ ಬೇಗ ಮುಗಿಸುತ್ತೇನೆ. ಬಿಡಬೇಡಿ, ಈಗ ಬೇಡ. ಒಂದು ವಾರ ರಜೆ ಹಾಕಿ ತೋಟಕ್ಕೆ ಹೋಗಿ ಅಪ್ಪನ ಜೊತೆ ಇದ್ದು ಬನ್ನಿ. ನುಸಿ ರೋಗ, ಬಿಳಿನೊಣ, ಕಾಯಿ ಕೀಳುವವರು ಸಿಗದೆ ಇರುವುದು, ಇದೆಲ್ಲ ನೋಡಿದಮೇಲೂ ಅಲ್ಲೇ ಇರಬೇಕು ಅನ್ನಿಸಿದರೆ ಅದು ನಿಜವಾದ ಆಸೆ, ಆರು ತಿಂಗಳು ಬಿಟ್ಟು ದುಡ್ಡಿನ ಲೆಕ್ಕ ಹಾಕಿ. ಖಾಲಿ ರೂಮಿನಿಂದ ತಪ್ಪಿಸಿಕೊಳ್ಳಲು ಹೋಗುವುದಾದರೆ ಊರಿನಲ್ಲೂ ರಾತ್ರಿ ಒಂಬತ್ತು ಗಂಟೆ ಆಗುತ್ತದೆ.

ಅವನಿಗೆ ಹೇಳಬೇಕಾ ಅಂತ ಕೇಳಿದಿರಿ. ಹೇಳಿ. ಆದರೆ ಏನು ಹೇಳುತ್ತೀರಿ, ಯಾವಾಗ ಹೇಳುತ್ತೀರಿ ಅನ್ನುವುದು ಮುಖ್ಯ. "ನೀನು ಬದಲಾಗಿದೀಯ" ಅಂದರೆ ಅವನು ಸಮರ್ಥನೆಗೆ ಇಳಿಯುತ್ತಾನೆ, ಪಕ್ಕದಲ್ಲಿ ಹೆಂಡತಿ ಇರುತ್ತಾಳೆ, ತನ್ನಿಂದ ಹೀಗಾಯಿತೇನೋ ಅಂತ ಅವಳಿಗೂ ಇರಿಸುಮುರಿಸು. "ರೂಮು ಖಾಲಿ ಖಾಲಿ ಅನ್ನಿಸ್ತಿದೆ ಕಣೋ" ಅಂದರೆ ಅದರಲ್ಲಿ ಆರೋಪ ಇಲ್ಲ. ಕುಡಿದಾಗ ಫೋನ್ ಮಾಡಬೇಡಿ. ರಾತ್ರಿ ಹನ್ನೊಂದಕ್ಕೆ ಉದ್ದ ವಾಯ್ಸ್ ಮೆಸೇಜು ಕಳಿಸಬೇಡಿ. ಅವನು ನಕ್ಕು ಹಾರಿಸಿಬಿಡುವ ಅಪಾಯ ಇದ್ದೇ ಇದೆ, ನಮ್ಮ ಗಂಡುಮಕ್ಕಳಿಗೆ ಇಂಥ ಮಾತಿನ ಅಭ್ಯಾಸ ಕಮ್ಮಿ. ನಕ್ಕರೂ ಮಾತು ಒಳಗೆ ಇಳಿದಿರುತ್ತದೆ, ಒಂದೆರಡು ವಾರದಲ್ಲಿ ಅವನೇ ಯಾವುದೋ ಕೆಲಸದ ನೆಪದಲ್ಲಿ ಫೋನ್ ಮಾಡಬಹುದು.

ಹೇಳದೆ ಇದ್ದರೆ ಏನಾಗುತ್ತದೆ ಅನ್ನುವುದನ್ನೂ ನೋಡಿದ್ದೇನೆ. ಒಬ್ಬರು "ಅವನೇ ಮೊದಲು ಮಾಡಲಿ" ಅಂತ ಎರಡು ವರ್ಷ ಫೋನ್ ಮಾಡಲಿಲ್ಲ. ಆ ಕಡೆಯವನು ಅಷ್ಟೂ ದಿನ ಏನಂದುಕೊಂಡಿದ್ದ ಗೊತ್ತಾ? ಸ್ಟೇಜಿನ ಮೇಲೆ ಫೋಟೋಗೆ ಕರೆಯಲಿಲ್ಲ ಅಂತ ಇವನಿಗೆ ಕೋಪ ಬಂದಿದೆ, ತಣ್ಣಗಾಗಲಿ ಅಂತ. ಇಬ್ಬರೂ ಒಬ್ಬರಿಗೊಬ್ಬರು ಕಾಯುತ್ತಾ ಕೂತಿದ್ದರು. ಕೊನೆಗೆ ಯಾರದೋ ತಿಥಿಯಲ್ಲಿ ಎದುರುಬದುರು ಸಿಕ್ಕಿ ಮಾತಾಡಿದರು.

ಹಳೆಯ ಸಮಯಪಟ್ಟಿ ಮಾತ್ರ ಹೋಯಿತು ಅಂತಲೇ ಇಟ್ಟುಕೊಳ್ಳಿ. ದಿನಾ ರಾತ್ರಿಯ ಹರಟೆ ಇನ್ನು ಬರಲಾರದು. ಎರಡು ತಿಂಗಳಿಗೊಮ್ಮೆ ಒಂದು ಭಾನುವಾರ, ಇಲ್ಲವೇ ಶನಿವಾರ ಬೆಳಿಗ್ಗೆ ನಡೆಯುವಾಗ ಇಪ್ಪತ್ತು ನಿಮಿಷ ಫೋನು, ಹೀಗೆ ಏನಾದರೂ ಹೊಸದು ಗೊತ್ತುಮಾಡಿಕೊಳ್ಳಿ. ಅವನ ಹೆಂಡತಿಯನ್ನು ಮಾತಾಡಿಸಿ. 15 ವರ್ಷದ ಅವನ ಎಲ್ಲ ಪೆದ್ದುತನದ ಕಥೆಗಳೂ ಗೊತ್ತಿರುವುದು ನಿಮಗೊಬ್ಬರಿಗೆ, ಅವಳಿಗೆ ಅದು ಬೇಕು. ಒಂದು ಗುಟ್ಟು ಹೇಳಲಾ? ಆಷಾಢದಲ್ಲಿ ಹೊಸ ಸೊಸೆಯನ್ನು ತವರಿಗೆ ಕಳಿಸುವ ಪದ್ಧತಿ ಅವರ ಮನೆಯಲ್ಲಿ ಇನ್ನೂ ಇದ್ದರೆ ನಿಮ್ಮ ಗೆಳೆಯ ಈಗ ಮೈಸೂರಿನಲ್ಲಿ ಒಬ್ಬನೇ ಅನ್ನ ಬೇಯಿಸಿಕೊಳ್ಳುತ್ತಿರಬಹುದು. ಆಕೆಗೆ ಬ್ಯಾಂಕ್ ರಜೆ ಕೊಡುತ್ತದೋ ಇಲ್ಲವೋ ಅದು ಬೇರೆ ಮಾತು.

ಒಬ್ಬನ ಮೇಲೇ ಇಷ್ಟು ಭಾರ ಹಾಕಿದ್ದಿರಿ ಅನ್ನುವುದನ್ನೂ ಹೇಳಬೇಕು. ತಪ್ಪು ಅಂತಲ್ಲ, ಒಂದೇ ರೂಮಿನಲ್ಲಿದ್ದರೆ ಹಾಗೇ ಆಗುತ್ತದೆ. ಅಮೆರಿಕದ ಜೆಫ್ರಿ ಹಾಲ್ ಅನ್ನುವ ಸಂಶೋಧಕರು ಒಬ್ಬ ಪರಿಚಿತ ಆಪ್ತ ಗೆಳೆಯನಾಗಲು ಸುಮಾರು 200 ಗಂಟೆಗೂ ಹೆಚ್ಚು ಒಟ್ಟಿಗೆ ಕಳೆಯಬೇಕಾಗುತ್ತದೆ ಅಂತ ಲೆಕ್ಕ ಹಾಕಿದ್ದಾರೆ. ನೀವಿಬ್ಬರೂ ದಿನಕ್ಕೆ ಎರಡೇ ಗಂಟೆ ಮಾತಾಡಿದ್ದೀರಿ ಅಂದುಕೊಂಡರೂ 9 ವರ್ಷಕ್ಕೆ 6 ಸಾವಿರ ಗಂಟೆ ದಾಟುತ್ತದೆ. ಅದನ್ನು ಇನ್ನೊಬ್ಬರ ಜೊತೆ ಮತ್ತೆ ಕಟ್ಟುವುದು ಆಗದ ಮಾತು, ಕಟ್ಟಬೇಕಾಗಿಯೂ ಇಲ್ಲ. ಆದರೆ ವಾರಕ್ಕೆ ಎರಡು ಗಂಟೆಯಂತೆ 200 ಗಂಟೆಗೆ ಎರಡು ವರ್ಷ ಬೇಕು, ಹಾಗಾಗಿ ಬೇಗ ಶುರುಮಾಡುವುದು ಒಳ್ಳೆಯದು. ಶಟಲ್ ಕಾಕ್ ಆಡುವವರೋ, ಟ್ರೆಕ್ಕಿಂಗ್ ಹೋಗುವವರೋ, ಹಾಸ್ಟೆಲ್ಲಿನಲ್ಲಿ ಜೊತೆಗಿದ್ದ ಮೂರನೆಯವನೋ, ಯಾರಾದರೂ ಆಗಲಿ, ಪ್ರತಿ ವಾರ ಅದೇ ಜನ ಅದೇ ಹೊತ್ತಿಗೆ ಸಿಗುವಂತಿರಬೇಕು. ಒಂದೊಂದು ವಾರ ಒಂದೊಂದು ಕಡೆ ಹೋದರೆ ಗಂಟೆ ಕೂಡುವುದಿಲ್ಲ. ಬಾಡಿಗೆ ಭಾರ ಅಂತ ಹೊಸ ರೂಮ್‌ಮೇಟ್ ತರುವುದಾದರೆ ಬಾಡಿಗೆಗೆ ಅಂತಲೇ ತನ್ನಿ, ಬಂದ ಹುಡುಗನನ್ನು ಹಳೆಯವನ ಜೊತೆ ಹೋಲಿಸಿದರೆ ಅವನಿಗೆ ಅನ್ಯಾಯ.

ಸ್ಟೇಟಸ್ಸನ್ನು ಒಂದು ತಿಂಗಳು ಮ್ಯೂಟ್ ಮಾಡಿ, ಅವನಿಗೆ ಗೊತ್ತಾಗುವುದಿಲ್ಲ.

ಮತ್ತೆ ಆ ಚೊಂಬು. ಪಾರ್ಸೆಲ್ ಮಾಡಬೇಡಿ. ಬೆಂಗಳೂರಿನಿಂದ ಮೈಸೂರಿಗೆ ಬೇಕಾದಷ್ಟು ರೈಲುಗಳಿವೆ, ಹುಣಿಸೆಹಣ್ಣು ಹಾಕಿ ಉಜ್ಜಿ ಕೈಯಲ್ಲೇ ತೆಗೆದುಕೊಂಡು ಹೋಗಿ. ಹೋಗುವ ಮೊದಲು ಒಂದು ಫೋನ್ ಮಾಡಿ, ಮೊದಲಿನ ಹಾಗೆ ಹೇಳದೆ ನುಗ್ಗುವಂತಿಲ್ಲ. ಎರಡು ವಾರ ಬಿಟ್ಟು ನಿದ್ದೆ ಹೇಗಿದೆ ಅಂತ ನನಗೆ ಒಂದು ಸಾಲು ಬರೆಯಿರಿ.